ಅಪ್ಪನನ್ನು ಚಿತ್ರ ಮಾಡಿದ್ದು

ನನ್ನ ಕಸುಬು ಏನೆಂದು ಯಾರಾದರೂ ಕೇಳಿದರೆ ನನ್ನ ಗಂಡ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ: ಚೆನ್ನಾಗಿರುವ ಫೋಟೋ ಕೆಡಿಸುವುದು. ಅದರಲ್ಲಿ ಸುಳ್ಳೇನೂ ಇಲ್ಲ. ಕೋಲ್ಕತ್ತದ ಟ್ರಾಮು, ಹಳದಿ ಟ್ಯಾಕ್ಸಿ, ಗಂಗೆಯ ಘಾಟಿನ ಬೆಳಗಿನ ಮಂಜು ಇವನ್ನೆಲ್ಲ ಕ್ಯಾಮೆರಾದಲ್ಲಿ ಹಿಡಿದು ತಂದು, ಕಂಪ್ಯೂಟರಿನಲ್ಲಿ ಕುಂಚ ಆಡಿಸಿದಂತೆ ಮಾಡಿ, ಕ್ಯಾನ್ವಾಸಿನ ಮೇಲೆ ಅಚ್ಚು ಹಾಕಿಸಿ ಮಾರುತ್ತೇನೆ. ಗೋಡೆಗೆ ತೈಲಚಿತ್ರ ಬೇಕು, ಆದರೆ ಚಿತ್ರಕಾರನ ತಂಟೆ ಬೇಡ ಎನ್ನುವವರೇ ನನ್ನ ಗಿರಾಕಿಗಳು. ರೈಲ್ವೆಯವನನ್ನು ಮದುವೆಯಾಗಿ, ವರ್ಗಾವಣೆಯ ಹಿಂದೆ ಈ ಊರಿಗೆ ಬಂದು, ಹೊತ್ತು ಹೋಗದೆ ಹಿಡಿದ ಕೆಲಸ ಇದು. ಕಲೆ ಎಂದು ನಾನು ಎಂದೂ ಬೀಗಿದವಳಲ್ಲ. ಫೋಟೋ ಯಾವಾಗ ಚಿತ್ರವಾಗುತ್ತದೆ ಎನ್ನುವುದನ್ನು ನಾನು ಗಂಭೀರವಾಗಿ ಯೋಚಿಸಿದ್ದು ಒಂದೇ ಸಲ, ಅದೂ ನನ್ನ ಅವ್ವನ ಹೊಟ್ಟೆಗೆ ನಾಲ್ಕು ತುತ್ತು ಅನ್ನ ಹೋಗಲಿ ಎನ್ನುವುದಕ್ಕೆ.

ಅಪ್ಪನ ಚಿಕಿತ್ಸೆಗೆಂದು ಅವರಿಬ್ಬರೂ ಹುಬ್ಬಳ್ಳಿಯಿಂದ ನಮ್ಮಲ್ಲಿಗೆ ಬಂದಿದ್ದರು. ಅಪ್ಪ ಇಲ್ಲಿಯ ಆಸ್ಪತ್ರೆಯಲ್ಲೇ ತೀರಿಕೊಂಡ. ಅವ್ವನನ್ನು ಒಬ್ಬಳನ್ನೇ ವಾಪಸು ಕಳಿಸುವ ಮಾತೇ ಇರಲಿಲ್ಲ. ದಕ್ಷಿಣೇಶ್ವರದ ಓಣಿಯೊಂದರಲ್ಲಿರುವ ನಮ್ಮ ಫ್ಲ್ಯಾಟಿನಲ್ಲಿ ಉಳಿದಳು. ಮರೆವು ಆಗಲೇ ಶುರುವಾಗಿತ್ತು. ಮೊದಮೊದಲು ಕನ್ನಡಕ ಇಟ್ಟ ಜಾಗ, ಗುಳಿಗೆ ನುಂಗಿದ್ದು, ನಾವಿರುವ ಊರು ಮರೆತುಹೋದವು. ಆಮೇಲೆ ಒಂದು ದಿನ ಅಪ್ಪ ಸತ್ತದ್ದೇ ಅವಳ ತಲೆಯಿಂದ ಹೊರಟುಹೋಯಿತು.

ಎಲ್ಲಿ ಹೋಗ್ಯಾರ ಎಂದು ಕೇಳಿದಾಗ ನಾವು ನಿಜ ಹೇಳಿದೆವು. ಆಗ ತಾನೇ ಸುದ್ದಿ ಬಂದವಳಂತೆ ಹಣೆ ಬಡಿದುಕೊಂಡು ಅತ್ತಳು. ಸಮಾಧಾನ ಮಾಡಿ ಮಲಗಿಸಿದರೆ, ಎದ್ದ ಮೇಲೆ ಮತ್ತೆ ಎಲ್ಲಿ ಹೋಗ್ಯಾರ ಎಂದಳು. ಮತ್ತೆ ಹೇಳಿದೆವು, ಮತ್ತೆ ಅತ್ತಳು. ನೆನಪು ಉಳಿಯುತ್ತಿರಲಿಲ್ಲ, ಅತ್ತ ಸುಸ್ತು ಮಾತ್ರ ಮೈಯಲ್ಲಿ ಉಳಿಯುತ್ತಿತ್ತು. ಹೀಗೆ ಹೇಳುತ್ತಾ ಹೋದರೆ ಆಕೆ ತಾಳುವುದಿಲ್ಲ, ಹೇಳುವುದನ್ನೇ ನಿಲ್ಲಿಸಿ ಎಂದು ಡಾಕ್ಟರು ಅಂದರು. ನಿಲ್ಲಿಸಿದೆವು. ಅಂದಿನಿಂದ ನಮ್ಮ ಮನೆಯಲ್ಲಿ ಅಪ್ಪ ಬದುಕಿದ್ದ. ಅವ್ವ ಬೆಳಿಗ್ಗೆ ಎದ್ದು ಹಣೆಗೆ ಕುಂಕುಮ ಇಟ್ಟುಕೊಳ್ಳುತ್ತಿದ್ದಳು, ನಾವು ನೋಡಿ ಸುಮ್ಮನಿರುತ್ತಿದ್ದೆವು.

ನಮ್ಮ ಹಾಲಿನ ಗೋಡೆಯ ಮೇಲೆ ಅಪ್ಪನ ಫೋಟೋ ಇತ್ತು. ನಾನು ತೆಗೆದ ಫೋಟೋಗಳಲ್ಲೆಲ್ಲ ಅದೇ ಚೆನ್ನಾಗಿ ಬಂದದ್ದು. ಅದೊಂದನ್ನು ಮಾತ್ರ ನಾನು ಕೆಡಿಸದೆ ಬಿಟ್ಟಿದ್ದೆ. ಕಾಯಿಲೆಗೆ ಮುಂಚೆ ಒಮ್ಮೆ ಇಬ್ಬರೂ ಸುಮ್ಮನೆ ನಮ್ಮನ್ನು ನೋಡಲು ಬಂದಾಗ ಅಪ್ಪನನ್ನು ಬಾಲ್ಕನಿಯ ಕುರ್ಚಿಯಲ್ಲಿ ಕೂರಿಸಿ ತೆಗೆದದ್ದು. ಚಳಿಗಾಲದ ಮಧ್ಯಾಹ್ನದ ಬಿಸಿಲು ಒಂದು ಕೆನ್ನೆಯ ಮೇಲೆ ಬಿದ್ದಿದೆ. ಗಲ್ಲದ ಬಿಳಿ ಕೂದಲು ಒಂದೊಂದನ್ನೂ ಎಣಿಸಬಹುದು. ಅಂಗಿಯ ಮೇಲಿನ ಗುಂಡಿ ಬಿಚ್ಚಿದೆ. ನೇರವಾಗಿ ನೋಡುತ್ತಿದ್ದಾನೆ, ಇನ್ನೇನು ಏನೋ ಅನ್ನುವವನ ಹಾಗೆ. ದೊಡ್ಡದು ಮಾಡಿಸಿ, ಗಾಜು ಹಾಕಿ ಕಟ್ಟು ಹಾಕಿಸಿದ್ದೆ. ಮನೆಗೆ ಬಂದವರು ಎದುರಿಗೇ ಕುಳಿತಂತೆ ಇದೆ ಅಂದಾಗ ನನಗೆ ಹೆಮ್ಮೆಯಾಗುತ್ತಿತ್ತು.

ಅವ್ವನಿಗೂ ಎದುರಿಗೇ ಕುಳಿತಂತೆ ಕಂಡಿತು. ವ್ಯತ್ಯಾಸ ಇಷ್ಟೇ: ಅವಳ ಪಾಲಿಗೆ ಅದು ಕುಳಿತಂತೆ ಅಲ್ಲ, ಕುಳಿತದ್ದೇ.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ಅಪ್ಪ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದ. ಗೂಡ್ಸ್ ಗಾಡಿಗೆ ವೇಳೆ ಎಂಬುದಿಲ್ಲ. ಎಲ್ಲೋ ಸಿಗ್ನಲ್ ಸಿಗದೆ ಅರ್ಧ ದಿನ ನಿಂತರೆ ನಿಂತೇಬಿಟ್ಟಿತು. ಅವನು ಯಾವಾಗ ಮನೆಗೆ ಬಂದರೂ ಅವ್ವ ಉಣ್ಣದೆ ಕಾಯುತ್ತಿದ್ದಳು. ಅವನು ಉಂಡು ಎದ್ದ ಮೇಲೆ ಅದೇ ತಾಟಿನಲ್ಲಿ ಬಡಿಸಿಕೊಂಡು ಉಣ್ಣುತ್ತಿದ್ದಳು. ಯಾರೂ ಅವಳಿಗೆ ಕಾಯಬೇಕು ಎಂದು ಹೇಳಿರಲಿಲ್ಲ. ಅಪ್ಪನಂತೂ ಉಂಡು ಬಿಡು ಮಾರಾಯ್ತಿ ಎಂದು ಬೈಯುತ್ತಿದ್ದ. ನಾನು ಕಾಲೇಜಿಗೆ ಹೋಗುವಾಗ ಈ ಪದ್ಧತಿಯ ಬಗ್ಗೆ ಅವಳ ಜೊತೆ ದೊಡ್ಡ ದೊಡ್ಡ ಮಾತಾಡಿ ಜಗಳ ತೆಗೆದಿದ್ದೇನೆ. ಆಕೆ ಕೇಳಿಸಿಕೊಂಡು, ಮುಗೀತಾ ಎಂದು ಕೇಳಿ, ಮತ್ತೆ ಕಾಯುತ್ತಾ ಕೂರುತ್ತಿದ್ದಳು.

ಎಲ್ಲ ಮರೆತವಳು ಇದೊಂದನ್ನು ಮರೆಯಲಿಲ್ಲ.

ನಮಗೆ ಗೊತ್ತಾಗುವುದಕ್ಕೇ ಬಹಳ ದಿನ ಹಿಡಿಯಿತು. ತಾಟು ಮುಂದಿಟ್ಟರೆ ಮುಟ್ಟುತ್ತಿರಲಿಲ್ಲ. ಹಸಿವಿಲ್ಲವೇನೋ, ಹಲ್ಲು ನೋವೇನೋ, ಇಲ್ಲಿಯ ಅಕ್ಕಿ ಸೇರುವುದಿಲ್ಲವೇನೋ ಎಂದುಕೊಂಡೆ. ಹುಬ್ಬಳ್ಳಿಯಿಂದ ಹೌರಾಕ್ಕೆ ಬರುವ ರೈಲಿನಲ್ಲಿ ಪರಿಚಯದವರ ಕೈಲಿ ಜೋಳದ ಹಿಟ್ಟು, ಪುಂಡಿಸೊಪ್ಪು ತರಿಸಿದೆ. ರೊಟ್ಟಿ ಬಡಿಯುವ ಸದ್ದಿಗೆ ಅವಳ ಮುಖ ಅರಳುತ್ತಿತ್ತು. ತಾಟು ಬಂದ ಕೂಡಲೇ ಗೋಡೆಯ ಕಡೆ ನೋಡಿ ಕೈ ಹಿಂದೆಗೆದುಕೊಳ್ಳುತ್ತಿದ್ದಳು. ಹಗಲು ಹೊತ್ತು ಅವಳನ್ನು ನೋಡಿಕೊಳ್ಳಲು ಆಯಾ ಸೆಂಟರಿನಿಂದ ಬರುತ್ತಿದ್ದ ಮಾಶಿ ಮೊದಲು ಇದನ್ನು ಗಮನಿಸಿದ್ದು. ಮಾ ಆ ಫೋಟೋ ನೋಡಿದ ಮೇಲೇ ತಾಟು ತಳ್ಳುತ್ತಾರೆ ಎಂದಳು. ನಾನು ಅವ್ವನ ಪಕ್ಕದಲ್ಲಿ ಕುಳಿತು ಯಾಕ ಉಣ್ಣವಲ್ಲಿ ಎಂದು ಕೇಳಿದೆ. ಅವಳು ದನಿ ತಗ್ಗಿಸಿ, ಗೋಡೆಯ ಕಡೆ ಕಣ್ಣಿನಲ್ಲೇ ತೋರಿಸಿ ಹೇಳಿದಳು.

"ಅವರು ಇನ್ನೂ ಉಂಡಿಲ್ಲ. ಮಾರಿ ನೋಡು, ಹಸದಾರ."

ನಾನು ತಿರುಗಿ ಫೋಟೋ ನೋಡಿದೆ. ಅವಳು ಹೇಳಿದ್ದು ನಿಜ. ಆ ದಿನ ಫೋಟೋ ತೆಗೆಯುವಾಗ ಒಳಗೆ ಅವ್ವ ಅಡುಗೆ ಮುಗಿಸಿ ಊಟಕ್ಕೆ ಕರೆಯುತ್ತಿದ್ದಳು. ಅಪ್ಪ ಏಳಲು ಹೋದಾಗ ಬಿಸಿಲು ಚೆನ್ನಾಗಿದೆ, ಒಂದು ನಿಮಿಷ ಕೂಡು ಎಂದು ನಾನೇ ಕೂರಿಸಿದ್ದೆ. ಇನ್ನೇನು ಏನೋ ಅನ್ನುವ ಆ ಮುಖ ಇದೆಯಲ್ಲ, ಅದು ಹಸಿವಾದವನ ಮುಖ. ಕ್ಯಾಮೆರಾ ಅದನ್ನೂ ಬಿಡದೆ ಹಿಡಿದಿತ್ತು. ಇಷ್ಟು ದಿನ ನಾನು ಅದನ್ನು ಕಲೆ ಎಂದುಕೊಂಡಿದ್ದೆ.

ಉಂಡ್ರು, ಈಗ ತಾನೇ ಉಂಡು ಹೋದ್ರು ಎಂದು ಸುಳ್ಳು ಹೇಳತೊಡಗಿದೆವು. ಮಾಶಿ ಬಂಗಾಳಿಯಲ್ಲಿ ಹೇಳಿದಳು, ನಾನು ಕನ್ನಡದಲ್ಲಿ ಹೇಳಿದೆ, ನನ್ನ ಗಂಡ ಮೈಸೂರಿನ ಕನ್ನಡದಲ್ಲಿ ಬಹಳ ವಿನಯದಿಂದ ಹೇಳಿದರು. ಅವ್ವ ನಂಬಲಿಲ್ಲ. ಎಂಜಲು ತಾಟು ತೋರಿಸು ಎಂದಳು. ಒಂದು ತಾಟಿಗೆ ಸಾರು ಬಳಿದು ತಂದು ತೋರಿಸಿದೆ. ಅದನ್ನು ನೋಡಿ ನನ್ನನ್ನು ನೋಡಿ ನಕ್ಕಳು. ಅವರು ಉಂಡ ತಾಟಿನಲ್ಲಿ ಹಸಿಮೆಣಸಿನಕಾಯಿಯ ತೊಟ್ಟು ಇರುತ್ತದೆ, ಇದರಲ್ಲಿ ಎಲ್ಲಿ ಎಂದಳು. ಮರುದಿನ ತೊಟ್ಟು ಇಟ್ಟೆ. ಅಂದು ಒಂದು ರೊಟ್ಟಿ ತಿಂದಳು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಅದರ ಮರುದಿನ ತೊಟ್ಟನ್ನು ಪಕ್ಕಕ್ಕೆ ಸರಿಸಿ, ಗೋಡೆಯ ಕಡೆ ನೋಡಿ, ಉಂಡ ಮನಿಷ್ಯಾನ ಮಾರಿ ಹಿಂಗ ಇರತೈತೇನ ಎಂದಳು. ಫೋಟೋ ನನ್ನ ಸುಳ್ಳಿಗಿಂತ ಗಟ್ಟಿಯಾದ ಸಾಕ್ಷಿ ಹೇಳುತ್ತಿತ್ತು.

ತೆಗೆದಿಟ್ಟರೆ ಆಯಿತಲ್ಲ ಎಂದು ಗಂಡ ಅಂದರು. ತೆಗೆದು ಮಂಚದ ಕೆಳಗೆ ಇಟ್ಟೆವು. ಅಪ್ಪ ಡ್ಯೂಟಿಗೆ ಹೋಗಿದ್ದಾನೆಂದು ಅವ್ವ ತೀರ್ಮಾನಿಸಿದಳು. ಡ್ಯೂಟಿಗೆ ಹೋದವನನ್ನು ಕಾಯುವುದರಲ್ಲಿ ಅವಳಿಗೆ ಇಡೀ ಜನ್ಮದ ಅಭ್ಯಾಸ. ಮೊದಲು ಬಾಗಿಲಲ್ಲಿ ನಿಂತಳು, ಆಮೇಲೆ ಮೆಟ್ಟಿಲ ಮೇಲೆ ಕುಳಿತಳು, ಒಂದು ಮಧ್ಯಾಹ್ನ ಮಾಶಿ ಬಟ್ಟೆ ಒಣಹಾಕುತ್ತಿದ್ದಾಗ ಓಣಿ ದಾಟಿ ರೈಲ್ವೆ ಸ್ಟೇಷನ್ನಿನ ತನಕ ಹೋಗಿಬಿಟ್ಟಿದ್ದಳು. ಅಲ್ಲಿ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಸಿಕ್ಕಳು. ನಾನು ಫೋಟೋವನ್ನು ಮತ್ತೆ ಗೋಡೆಗೆ ಹಾಕಿದೆ. ಇದ್ದರೂ ಉಪವಾಸ, ಇಲ್ಲದಿದ್ದರೂ ಉಪವಾಸ. ಇದ್ದರೆ ಕನಿಷ್ಠ ಮನೆಯಲ್ಲಾದರೂ ಇರುತ್ತಿದ್ದಳು.

ಅವಳ ಬಳೆಗಳು ಮೊಣಕೈ ತನಕ ಜಾರತೊಡಗಿದವು. ಚಹಾ, ಹಾಲು, ಗುಳಿಗೆಯ ಜೊತೆ ಕುಡಿಯುವ ನೀರು ಇಷ್ಟರ ಮೇಲೆಯೇ ಇದ್ದಳು. ಬಲವಂತ ಮಾಡಿದರೆ ಬಾಯಿ ಬಿಗಿ ಹಿಡಿಯುತ್ತಿದ್ದಳು, ಮಾಶಿಯ ಕೈಗೆ ಒಮ್ಮೆ ಕಚ್ಚಿದಳು. ಡಾಕ್ಟರು ತೂಕ ನೋಡಿ, ಹೀಗೇ ಆದರೆ ಮುಂದಿನ ವಾರ ಮೂಗಿನಿಂದ ನಳಿಗೆ ಹಾಕಬೇಕಾಗುತ್ತದೆ ಎಂದರು. ನಳಿಗೆ ಎಂದರೆ ಏನೆಂದು ನನಗೆ ಗೊತ್ತಿತ್ತು, ಅಪ್ಪನಿಗೆ ಹಾಕಿ ಕೈ ಕಟ್ಟಿದ್ದನ್ನು ನೋಡಿದ್ದೆ. ಮರೆವಿನವರು ಅದನ್ನು ಕಿತ್ತುಕೊಳ್ಳುತ್ತಾರೆಂದು ಎರಡೂ ಕೈಗಳನ್ನು ಮಂಚಕ್ಕೆ ಕಟ್ಟುತ್ತಾರೆ. ನನ್ನ ಅವ್ವನ ಕೈ ಕಟ್ಟಿ ಅನ್ನ ಹಾಕುವುದನ್ನು ನಾನು ನೋಡಲಾರೆ ಎಂದೆ. ಸಾಯುವುದನ್ನು ನೋಡುತ್ತೀಯಾ ಎಂದು ಗಂಡ ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೂ ಅಂದು ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಈ ಗೋಳಿನ ನಡುವೆ ಒಂದು ಬೆಳಿಗ್ಗೆ ಅವ್ವ ಬಾಳೆಹಣ್ಣು ತಿನ್ನುವುದನ್ನು ಕಂಡೆ. ನನಗೆ ನಂಬಲಾಗಲಿಲ್ಲ. ಅಡುಗೆಮನೆಯ ಮೂಲೆಯ ಹಲಗೆಯ ಮೇಲೆ ನಮ್ಮ ದೇವರಿವೆ: ಊರಿನಿಂದ ತಂದ ಹಳೆಯ ಎರಡು ದೇವರ ಪಟ, ಒಂದು ಗಂಟೆ, ಒಂದು ದೀಪ. ಅವ್ವ ಬಾಳೆಹಣ್ಣು ಸುಲಿದು ಪಟದ ಮುಂದೆ ಎಡೆ ಹಿಡಿದು, ಸುತ್ತ ನೀರು ಬಿಟ್ಟು, ಕಣ್ಣು ಮುಚ್ಚಿ ತೆರೆದು, ಆಮೇಲೆ ಅದನ್ನು ಮುರಿದು ಬಾಯಿಗೆ ಹಾಕಿಕೊಂಡಳು. ದೇವರು ಉಂಡ್ರಲ್ಲ ಎಂದಳು. ದೇವರ ಊಟ ಎಷ್ಟು ಬೇಗ ಮುಗಿಯುತ್ತದೆ. ತಾಟು ತೋರಿಸಿದರೆ ಸಾಕು, ಎಂಜಲು ಬೇಡ, ಮೆಣಸಿನಕಾಯಿಯ ತೊಟ್ಟು ಬೇಡ.

ನಾನು ಅಲ್ಲೇ ಇನ್ನೊಂದು ಹಣ್ಣು ತೆಗೆದುಕೊಂಡು ಹಾಲಿಗೆ ಹೋಗಿ ಅಪ್ಪನ ಫೋಟೋದ ಮುಂದೆ ಎಡೆ ಹಿಡಿದೆ. ಅವ್ವ ಹಿಂದಿನಿಂದ ಬಂದು ನನ್ನ ಕೈಗೆ ಹೊಡೆದಳು. ಜೀವಂತ ಇದ್ದ ಮನಿಷ್ಯಾಗ ಎಡಿ ಹಿಡೀತಾರೇನ, ಬುದ್ಧಿ ಎಲ್ಲಿಟ್ಟಿ ಎಂದು ಬೈದಳು. ಆ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ನನ್ನ ತಲೆಯಲ್ಲಿ ಆಗಲೇ ಬೇರೆ ಲೆಕ್ಕ ಓಡುತ್ತಿತ್ತು: ಇದು ಫೋಟೋ ಆಗಿರುವುದೇ ತಪ್ಪು. ಚಿತ್ರವಾಗಿದ್ದರೆ ಎಡೆ ಹಿಡಿಯಬಹುದು, ಎಡೆ ಹಿಡಿದರೆ ಅಪ್ಪ ಉಂಡಂತೆ, ಅಪ್ಪ ಉಂಡರೆ ಅವ್ವ ಉಣ್ಣುತ್ತಾಳೆ. ಫೋಟೋವನ್ನು ಚಿತ್ರ ಮಾಡುವುದು ನನಗೆ ಎಡಗೈ ಕೆಲಸ ಎಂದುಕೊಂಡೆ.

ಎಡಗೈ ಕೆಲಸವನ್ನು ಎಡಗೈಯಲ್ಲೇ ಮಾಡಿದೆ. ಟ್ರಾಮಿಗೂ ಟ್ಯಾಕ್ಸಿಗೂ ಹಾಕುವ ತೈಲಚಿತ್ರದ ಗುಂಡಿಯನ್ನೇ ಅಪ್ಪನಿಗೂ ಒತ್ತಿದೆ. ಗಲ್ಲದ ಕೂದಲು, ಹಣೆಯ ಗೆರೆ, ಬಿಸಿಲು ಎಲ್ಲ ದಪ್ಪ ದಪ್ಪ ಬಣ್ಣದ ಎಳೆಗಳಾಗಿ ಸುರುಳಿ ಸುತ್ತಿಕೊಂಡವು. ನನ್ನ ಕಣ್ಣಿಗೆ ಅದು ಮಾರಾಟಕ್ಕೆ ಯೋಗ್ಯವಾದ ತೈಲಚಿತ್ರ. ಮನೆಯ ಪ್ರಿಂಟರಿನಲ್ಲೇ ದೊಡ್ಡದಾಗಿ ತೆಗೆದು, ಹಳೆಯ ಕಟ್ಟಿಗೇ ಸೇರಿಸಿ, ಗಾಜು ಮುಚ್ಚಿ ಗೋಡೆಗೆ ಹಾಕಿದೆ. ಅವ್ವ ನೋಡಿ ಗಾಬರಿಯಾದಳು. ಮಾರಿ ಮ್ಯಾಲೆ ಏನ ಎದ್ದೈತಿ ಎಂದು ಕೇಳಿದಳು. ಅಡುಗೆಮನೆಗೆ ಹೋಗಿ ಅರಿಶಿನ ಕಲಸಿ ತಂದು ಗಾಜಿನ ಮೇಲೆ, ಅಪ್ಪನ ಕೆನ್ನೆ ಇರುವ ಕಡೆ ಹಚ್ಚತೊಡಗಿದಳು. ಹಚ್ಚುವಾಗ ಊದುತ್ತಿದ್ದಳು, ಉರಿಯಬಾರದೆಂದು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಜಲವರ್ಣದ ಹಾಗೆ ಮಾಡಿ ನೋಡಿದೆ. ಬಣ್ಣ ತೆಳ್ಳಗಾಗಿ, ಅಂಚು ಕದಡಿ, ಬಿಳಿ ಕಾಗದ ಅಲ್ಲಲ್ಲಿ ಇಣುಕುವಂತೆ ಮಾಡಿದೆ. ಅದನ್ನು ನೋಡಿ ಮೈಯಾಗ ರಕ್ತನ ಇಲ್ಲ ಎಂದಳು. ಈಗ ಅಪ್ಪ ಹಸಿದವನಷ್ಟೇ ಅಲ್ಲ, ಕಾಯಿಲೆಯವನೂ ಆದ. ಕಾಯಿಲೆಯ ಗಂಡ ಉಪವಾಸ ಕುಳಿತಿರುವಾಗ ಹೆಂಡತಿ ಚಹಾ ಕುಡಿಯುವುದೇ ಎಂದು ಚಹಾ ಬಿಟ್ಟಳು. ನಾನು ಕೈ ಹಾಕಿದ್ದೆಲ್ಲ ಇನ್ನಷ್ಟು ಹದಗೆಡುತ್ತಿತ್ತು. ಆ ಸಂಜೆ ನಾನು ಅವಳ ಮೇಲೆ ಕೂಗಾಡಿದೆ. ಉಣ್ಣು, ನನಗೋಸ್ಕರ ಉಣ್ಣು, ನಾನು ನಿನ್ನ ಮಗಳಲ್ಲವೇ ಎಂದು ಕೂಗಿದೆ. ಅವಳು ಹೆದರಿ ಮಾಶಿಯ ಸೆರಗು ಹಿಡಿದುಕೊಂಡಳು. ನನ್ನ ಅವ್ವ ನನಗೆ ಹೆದರಿ ಇನ್ನೊಬ್ಬರ ಹಿಂದೆ ನಿಂತದ್ದು ಅದೇ ಮೊದಲು. ನನಗೆ ಸತ್ತುಹೋಗಬೇಕು ಅನಿಸಿತು.

ಡಾಕ್ಟರ ಬಳಿ ಹೋಗುವ ದಿನ ಹತ್ತಿರ ಬಂದಿತ್ತು. ನಾನು ದೇವರ ಹಲಗೆಯ ಮುಂದೆ ಸ್ಟೂಲು ಹಾಕಿಕೊಂಡು ಕುಳಿತು ಆ ಎರಡು ಪಟಗಳನ್ನು ನೋಡತೊಡಗಿದೆ, ಭಕ್ತಿಯಿಂದಲ್ಲ, ಕಸುಬಿನವಳ ಕಣ್ಣಿನಿಂದ. ಅವ್ವನಿಗೆ ಚಿತ್ರ ಎಂದರೆ ಇದು. ನನ್ನ ಗಿರಾಕಿಗಳಿಗೆ ಚಿತ್ರ ಎಂದರೆ ಕುಂಚದ ಗುರುತು. ಈ ಪಟಗಳಲ್ಲಿ ಕುಂಚದ ಗುರುತೇ ಇಲ್ಲ. ಇಲ್ಲದ್ದು ಇನ್ನೂ ಏನೇನೋ ಇದೆ ಎಂದು ನೋಡುತ್ತಾ ಹೋದಂತೆ ಕಂಡಿತು. ಮುಖದ ಮೇಲೆ ಬಿಸಿಲು ಬಿದ್ದಿಲ್ಲ, ನೆರಳೂ ಇಲ್ಲ. ಬೆಳಕು ಎಲ್ಲ ಕಡೆಯಿಂದ ಒಂದೇ ಸಮ. ಹಿಂದೆ ಮನೆಯಿಲ್ಲ, ಬಾಗಿಲಿಲ್ಲ, ಬರೀ ಒಂದು ಬಣ್ಣ. ಬಟ್ಟೆಯಲ್ಲಿ ಕೂತು ಎದ್ದ ಸುಕ್ಕಿಲ್ಲ. ಬೆಳಿಗ್ಗೆಯೋ ಸಂಜೆಯೋ, ಊಟಕ್ಕೆ ಮುಂಚೆಯೋ ಆಮೇಲೆಯೋ ಹೇಳಲು ಬರುವುದಿಲ್ಲ. ಆ ಮುಖಗಳಿಗೆ ಹಸಿವಿಲ್ಲ. ನಾನು ಇಷ್ಟು ದಿನ ಫೋಟೋಕ್ಕೆ ಕುಂಚ ಸೇರಿಸುತ್ತಿದ್ದೆ, ಮಾಡಬೇಕಾಗಿದ್ದದ್ದು ಅದರಿಂದ ಹೊತ್ತನ್ನು ತೆಗೆಯುವುದು.

ಗುಂಡಿ ಒತ್ತಿದರೆ ಆಗುವ ಕೆಲಸವಲ್ಲ ಅದು. ಕಂಪ್ಯೂಟರಿಗೆ ಜೋಡಿಸಿದ ಬರೆಯುವ ಫಲಕ ತೊಡೆಯ ಮೇಲಿಟ್ಟುಕೊಂಡು, ಅದರ ಕಡ್ಡಿ ಹಿಡಿದು, ಮೂಲ ಫೋಟೋವನ್ನು ತೆರೆದು ಕುಳಿತೆ. ಬಾಲ್ಕನಿಯ ಸರಳು, ಅದರ ಮೇಲೆ ಒಣಗುತ್ತಿದ್ದ ಗಂಡನ ಬನಿಯನ್ನು, ಕುರ್ಚಿ ಎಲ್ಲವನ್ನೂ ಅಳಿಸಿ ಹಿಂದೆ ತಿಳಿ ನೀಲಿ ತುಂಬಿದೆ. ಕೆನ್ನೆಯ ಮೇಲಿನ ಬಿಸಿಲು ಒರೆಸಿದೆ. ಇನ್ನೊಂದು ಕೆನ್ನೆಯ ನೆರಳು ತೆಗೆದೆ. ಅಂಗಿಯ ಸುಕ್ಕು ನೀವಿದೆ, ಬಿಚ್ಚಿದ್ದ ಗುಂಡಿ ಹಾಕಿದೆ. ಗಲ್ಲದ ಬಿಳಿ ಕೂದಲನ್ನು ಒಂದೊಂದಾಗಿ ಅಳಿಸಿದೆ. ಅಪ್ಪನಿಗೆ ಕ್ಷೌರ ಮಾಡಿದಂತೆ ಆಯಿತು. ಏನೋ ಅನ್ನಲು ತೆರೆಯುತ್ತಿದ್ದ ತುಟಿಯನ್ನು ಮುಚ್ಚಿ, ಮೂಲೆಯನ್ನು ಕೂದಲೆಳೆಯಷ್ಟು ಮೇಲಕ್ಕೆ ಎತ್ತಿದೆ. ಹುಬ್ಬು, ರೆಪ್ಪೆ, ಮೂಗಿನ ಅಂಚಿಗೆ ತೆಳುವಾದ ಕಂದು ಗೆರೆ ಕೊಟ್ಟೆ. ಅತಿಯಾದರೆ ಅಪ್ಪನೇ ಅಲ್ಲದಂತಾಗುತ್ತಿತ್ತು, ಕಡಿಮೆಯಾದರೆ ಎದ್ದು ಬರುವಂತಿರುತ್ತಿತ್ತು. ನಡುವೆ ನಿಲ್ಲುವ ಜಾಗ ಬಹಳ ಕಿರಿದು, ನಾನು ಎಷ್ಟೋ ಸಲ ಆ ಕಡೆ ಈ ಕಡೆ ಜಾರಿದೆ.

ಎಲ್ಲ ಮುಗಿದರೂ ಅವನು ನೋಡುತ್ತಲೇ ಇದ್ದ. ದೂರ ಸರಿದು ನೋಡಿದೆ, ನೋಡುತ್ತಿದ್ದಾನೆ. ಕೊನೆಗೆ ಗೊತ್ತಾಯಿತು, ಕಣ್ಣಿನ ಹೊಳಪು. ಕಪ್ಪು ಗುಡ್ಡೆಯ ಮೇಲೆ ಒಂದೊಂದು ಬಿಳಿ ಚುಕ್ಕೆ, ಅದಿರುವ ತನಕ ಮನುಷ್ಯ ಬದುಕಿರುತ್ತಾನೆ. ಅಳಿಸಲೆಂದು ದೊಡ್ಡದು ಮಾಡಿದಾಗ ಆ ಚುಕ್ಕೆಯೊಳಗೆ ನಮ್ಮ ಬಾಲ್ಕನಿ ಕಾಣಿಸಿತು. ಚೌಕಾಕಾರದ ಬೆಳಕು, ಅದಕ್ಕೆ ಅಡ್ಡವಾಗಿ ಕೈಯೆತ್ತಿ ನಿಂತ ಒಂದು ಸಣ್ಣ ಕಪ್ಪು ಆಕಾರ. ಅದು ನಾನು. ಅಪ್ಪ ಹಸಿದುಕೊಂಡು ನನ್ನನ್ನು ನೋಡುತ್ತಿದ್ದ, ನಾನು ಅವನ ಕಣ್ಣಿನಲ್ಲಿದ್ದೆ, ನನಗೆ ಅದು ಅಂದಿನ ತನಕ ಗೊತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಮಾಶಿ ಹಾಲು ಕುಡಿ ಮಾ, ಕುಡಿ ಮಾ ಎಂದು ಬೇಡುತ್ತಿದ್ದಳು. ನಾನು ಮೊದಲು ಎಡಗಣ್ಣಿನ ಚುಕ್ಕೆ ಅಳಿಸಿದೆ, ಆಮೇಲೆ ಬಲಗಣ್ಣಿನದು. ಅಪ್ಪ ಆಸ್ಪತ್ರೆಯಲ್ಲಿ ಹೋದಾಗ ನಾನು ಹೊರಗೆ ಕಾರಿಡಾರಿನಲ್ಲಿದ್ದೆ. ಈಗ ಎದುರಿಗೇ ಇದ್ದೆ.

ಎಸ್ಪ್ಲನೇಡಿನ ಹತ್ತಿರ ನಾನು ಯಾವಾಗಲೂ ಅಚ್ಚು ಹಾಕಿಸುವ ಅಂಗಡಿಗೆ ಹೋದೆ. ಹೊಳಪಿಲ್ಲದ ಕ್ಯಾನ್ವಾಸು ಕೇಳಿ, ಗಾಜು ಬೇಡ ಎಂದೆ. ಗಾಜಿನಲ್ಲಿ ನಾವು ಓಡಾಡುವುದು ಕಂಡು ಅಪ್ಪ ಅಲುಗಾಡಿದ ಎಂದು ಅವ್ವ ಹೇಳುತ್ತಿದ್ದಳು. ಮರದ ಕಟ್ಟು ಹಾಕಿಸಿಕೊಂಡು ಮೆಟ್ರೋದಲ್ಲಿ ಹೊತ್ತು ತಂದೆ. ಸುತ್ತಿದ್ದ ಕಾಗದ ಅರ್ಧ ಜಾರಿತ್ತು. ಎದುರಿಗೆ ಕುಳಿತಿದ್ದ ವಯಸ್ಸಾದ ಬಂಗಾಳಿ ಬಾಬು ಬಹಳ ಹೊತ್ತು ನೋಡಿ, ಇವರು ಯಾವ ಗುರುಗಳು, ನಿಮ್ಮ ದೇಶದವರೇ ಎಂದು ವಿನಯದಿಂದ ಕೇಳಿದರು. ಹೌದು ಎಂದೆ. ದಕ್ಷಿಣೇಶ್ವರದಲ್ಲಿ ಇಳಿಯುವಾಗ ಅವರು ಕೈ ಎತ್ತಿ ಹಣೆಗೆ ಮುಟ್ಟಿಸಿಕೊಂಡರು. ಹುಬ್ಬಳ್ಳಿಯ ಗೂಡ್ಸ್ ಗಾರ್ಡಿಗೆ ಯಾರೂ ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲ. ನನಗೆ ನಗುವೂ ಬಂತು, ಈ ಸಲ ಆಗುತ್ತದೆ ಎಂಬ ಧೈರ್ಯವೂ ಬಂತು.

ಮಧ್ಯಾಹ್ನದ ಊಟದ ಹೊತ್ತು. ಅವ್ವ ದೇವರ ಮೂಲೆಯ ಹತ್ತಿರ ಮಲಗಿದ್ದಳು. ಕೂರುವ ಶಕ್ತಿ ಕಡಿಮೆಯಾಗಿತ್ತು. ಗೋಡೆಯ ಮೇಲಿದ್ದದ್ದನ್ನು ಇಳಿಸಿ ಚಿತ್ರ ಹಾಕಿದೆ. ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಒಂದಿಷ್ಟು ಮೊಸರನ್ನ ತಾಟಿಗೆ ಬಡಿಸಿದೆ. ಮಾಶಿ ಅವಳನ್ನು ಎಬ್ಬಿಸಿ ತಂದು ಚಿತ್ರದ ಎದುರಿಗೆ ಕೂರಿಸಿದಳು. ಮರುದಿನ ಬೆಳಿಗ್ಗೆ ಡಾಕ್ಟರ ಬಳಿ ಹೋಗಬೇಕಿತ್ತು. ಇದಾಗದಿದ್ದರೆ ನನ್ನ ಹತ್ತಿರ ಬೇರೆ ಏನೂ ಉಳಿದಿರಲಿಲ್ಲ.

ಅವ್ವ ತಲೆಯೆತ್ತಿ ನೋಡಿದಳು. ಬಹಳ ಹೊತ್ತು ನೋಡಿದಳು. ಹಸದಾರ ಎನ್ನಲಿಲ್ಲ, ಕಾಯಿಲೆ ಎನ್ನಲಿಲ್ಲ. ಎದ್ದು ಹತ್ತಿರ ಹೋಗಿ ಬೆರಳಿನಿಂದ ಮುಟ್ಟಿದಳು, ಕ್ಯಾನ್ವಾಸಿನ ಒರಟು ಅವಳ ಬೆರಳಿಗೆ ತಾಗಿತು. ಕಣ್ಣಿನ ಹತ್ತಿರ ಬೆರಳು ನಿಲ್ಲಿಸಿದಳು. ನಾನು ತಾಟು ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಎಡೆ ಹಿಡಿಯೋಣವೇ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವಳು ತಾನೇ ನನ್ನ ಕೈಯಿಂದ ತಾಟು ತೆಗೆದುಕೊಂಡು ನೆಲದ ಮೇಲಿಟ್ಟು, ಸುತ್ತ ನೀರು ಬಿಟ್ಟು, ಕೈ ಮುಗಿದಳು. ಮುಗಿದ ಕೈ ಇಳಿಸದೆ ನನ್ನ ಕಡೆ ತಿರುಗಿದಳು. ಎಷ್ಟೋ ತಿಂಗಳಿಂದ ಆ ಕಣ್ಣು ನನ್ನನ್ನು ಅಷ್ಟು ನೆಟ್ಟಗೆ ನೋಡಿರಲಿಲ್ಲ.

"ಚಿತ್ರಾ ಮಾಡಿಸೀದಿ ಅಂದ್ರ, ಅವರು ಹೋದ್ರೇನ?"

ಬದುಕಿದ್ದ ಮನುಷ್ಯನಿಗೆ ಎಡೆ ಹಿಡಿಯುವುದಿಲ್ಲ ಎಂದು ಅವಳೇ ಹೇಳಿದ್ದಳು. ಎಡೆ ಹಿಡಿಯುವಂತೆ ಮಾಡಿದರೆ ಅವಳಿಗೆ ಏನು ಗೊತ್ತಾಗುತ್ತದೆಂದು ಇಷ್ಟು ಓದಿದ ನಾನು ಯೋಚಿಸಿರಲಿಲ್ಲ. ಹೇಳಬಾರದೆಂದು ಡಾಕ್ಟರು ಹೇಳಿದ್ದನ್ನು ನಾನು ನನ್ನ ಕೈಯಾರೆ ಬರೆದು ಗೋಡೆಗೆ ಹಾಕಿದ್ದೆ. ಇಲ್ಲ, ಡ್ಯೂಟಿಗೆ ಹೋಗಿದ್ದಾನೆ ಎನ್ನಬಹುದಿತ್ತು. ಎಂದರೆ ಮತ್ತೆ ಕಾಯುತ್ತಾಳೆ. ತಾಟು ಅಲ್ಲಿಯೇ ಇತ್ತು, ನೀರಿನ ಗೆರೆ ಇನ್ನೂ ಆರಿರಲಿಲ್ಲ.

"ಹೂಂ ಅವ್ವಾ, ಹೋದ" ಎಂದೆ.

ಹಣೆ ಬಡಿದುಕೊಳ್ಳುತ್ತಾಳೆಂದು ಹಿಡಿಯಲು ಮುಂದೆ ಬಾಗಿದೆ. ಬಡಿದುಕೊಳ್ಳಲಿಲ್ಲ. ನಿಧಾನವಾಗಿ ಗೋಡೆ ಹಿಡಿದು ಕುಳಿತಳು. ತಾಟಿನ ಕಡೆ ನೋಡುತ್ತಾ ಕೇಳಿದಳು.

"ಹೋಗೂ ಮುಂದ ಉಂಡಿದ್ರೇನ?"

ಅಪ್ಪ ಕೊನೆಯ ದಿನಗಳಲ್ಲಿ ಬಾಯಿಂದ ಏನೂ ತೆಗೆದುಕೊಂಡಿರಲಿಲ್ಲ. ಮೂಗಿನ ನಳಿಗೆಯಲ್ಲಿ ಹೋದದ್ದಷ್ಟೇ. ಮಾತು ನಿಂತಿತ್ತು, ಕೈಯ ಕಟ್ಟು ಸಡಿಲಿಸಿದಾಗಲೆಲ್ಲ ಬೆರಳನ್ನು ತುಟಿಗೆ ತಂದು ಮಜ್ಜಿಗೆ ಕೇಳುತ್ತಿದ್ದ. ನುಂಗಲು ಬರುವುದಿಲ್ಲ, ಕೊಟ್ಟರೆ ಶ್ವಾಸಕೋಶಕ್ಕೆ ಇಳಿಯುತ್ತದೆ ಎಂದು ನರ್ಸು ಹೇಳಿದ್ದಳು. ನಾವು ಕೊಡಲಿಲ್ಲ.

"ಉಂಡಿದ್ದ ಅವ್ವಾ. ಹೊಟ್ಟಿ ತುಂಬ ಉಂಡ ಹೋದ" ಎಂದೆ.

ಅವಳು ತಲೆಯಾಡಿಸಿದಳು. ತಾಟನ್ನು ಹತ್ತಿರಕ್ಕೆ ಎಳೆದುಕೊಂಡು, ರೊಟ್ಟಿ ಮುರಿದು, ಪಲ್ಯಕ್ಕೆ ಒತ್ತಿ ಬಾಯಿಗೆ ಇಟ್ಟಳು. ಅಗಿಯಲು ಕಷ್ಟವಾಗುತ್ತಿತ್ತು, ಆದರೂ ನಿಲ್ಲಿಸಲಿಲ್ಲ. ರೊಟ್ಟಿ ಮುಗಿಸಿ ಮೊಸರನ್ನಕ್ಕೆ ಬಂದಳು, ಅದನ್ನೂ ಬಳಿದು ಉಂಡಳು. ಮಾಶಿ ಬಾಗಿಲಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಅವ್ವ ಪೂರ್ತಿ ಉಂಡು, ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡು ಬಂದು, ಆಮೇಲೆ ಅತ್ತಳು.